ಬಂದವರು ಯಾರೆಂದು ಸರ್ವರ್ ಕೇಳಲಿ

ಮಾನ್ಯ ಸಂಪಾದಕರೇ,

ಮಾಹಿತಿ ಸೋರಿಕೆಯ ಸುದ್ದಿ ಬಂದಾಗಲೆಲ್ಲ ಪಾಸ್‌ವರ್ಡ್ ಬದಲಿಸಿಕೊಳ್ಳಿ, ಉದ್ದನೆಯದನ್ನು ಇಟ್ಟುಕೊಳ್ಳಿ ಎಂಬ ಸಲಹೆಯೇ ಮತ್ತೆ ಮತ್ತೆ ಅಚ್ಚಾಗುತ್ತದೆ. ಸಾಮಾನ್ಯ ಬಳಕೆದಾರರಿಗೆ ಅದು ಸರಿಯೇ. ಆದರೆ ವೇತನದ ಲೆಕ್ಕ, ರೋಗಿಗಳ ದಾಖಲೆ, ಜಾಲತಾಣದ ನಿರ್ವಹಣಾ ಪುಟ ಮುಂತಾಗಿ ಬೆರಳೆಣಿಕೆಯ ಸಿಬ್ಬಂದಿ ಮಾತ್ರ ಬಳಸುವ ವೆಬ್ ಸರ್ವರ್‌ಗಳು ಇಡೀ ಅಂತರ್ಜಾಲಕ್ಕೆ ತೆರೆದುಕೊಂಡು ಬರೀ ಪಾಸ್‌ವರ್ಡನ್ನು ನೆಚ್ಚಿಕೊಂಡಿರುವಾಗ ಆ ಸಲಹೆ ಸಾಲದು. ಇಂಥ ಕಡೆ ಕ್ಲೈಂಟ್ ಸರ್ಟಿಫಿಕೇಟ್, ಅಂದರೆ ಬಂದವರು ಯಾರೆಂದು ಸರ್ವರ್‌ಗೆ ರುಜುವಾತುಪಡಿಸುವ ಡಿಜಿಟಲ್ ಗುರುತಿನ ಚೀಟಿ, ಕಡ್ಡಾಯವಾಗಬೇಕು ಎಂಬುದು ಸರ್ವರ್ ನಿರ್ವಹಣೆಯನ್ನೇ ವೃತ್ತಿಯಾಗಿಸಿಕೊಂಡ ನನ್ನ ಖಚಿತ ಅಭಿಪ್ರಾಯ.

ಎಚ್‌ಟಿಟಿಪಿಎಸ್ ವಿಳಾಸವೊಂದನ್ನು ತೆರೆದಾಗ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಿ ತಾನು ಯಾರೆಂದು ರುಜುವಾತುಪಡಿಸುತ್ತದೆ. ಬಂದವರು ಯಾರೆಂದು ಮಾತ್ರ ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳುವ ಅವಕಾಶ, ಸಂಪರ್ಕವನ್ನು ಗೂಢಲಿಪೀಕರಿಸುವ ನಿಯಮಾವಳಿಯ ಹಳೆಯ ರೂಪವಾದ 1990ರ ದಶಕದ ಎಸ್‌ಎಸ್‌ಎಲ್ ಕಾಲದಿಂದಲೂ ಇದೆ. ಸರ್ವರ್ ಹಾಗೆ ಕೇಳಿದಾಗ ಬ್ರೌಸರ್ ಬಳಕೆದಾರರ ಸರ್ಟಿಫಿಕೇಟನ್ನು ಕೊಡುವುದಷ್ಟೇ ಅಲ್ಲದೆ, ಆ ಸಂಪರ್ಕ ಏರ್ಪಡುವಾಗ ಅಲ್ಲಿಯವರೆಗೆ ವಿನಿಮಯವಾದ ಸಂದೇಶಗಳಿಗೆ ಆ ಸರ್ಟಿಫಿಕೇಟಿಗೆ ಜೋಡಿಯಾದ ಖಾಸಗಿ ಕೀಲಿಯಿಂದ (ಗುಟ್ಟಾಗಿಡುವ ಸಂಖ್ಯೆಯಿಂದ) ಡಿಜಿಟಲ್ ಸಹಿ ಹಾಕಿ ಕಳಿಸುತ್ತದೆ. ಹೀಗೆ ಸಹಿ ಹಾಕುವಾಗ ಕೀಲಿ ಕಂಪ್ಯೂಟರ್ ಬಿಟ್ಟು ಕದಲುವುದಿಲ್ಲ. ನಕಲಿ ತಾಣವೊಂದು ಆ ಸಹಿಯನ್ನು ಪಡೆದು ಅಸಲಿ ಸರ್ವರ್‌ಗೆ ಒಪ್ಪಿಸಿದರೂ ಅದು ಬೇರೆ ಸಂಪರ್ಕದ ಸಹಿಯಾದ್ದರಿಂದ ಊರ್ಜಿತವಾಗದು. ಒಟಿಪಿಗೆ ಈ ಗುಣವಿಲ್ಲ. ನಕಲಿ ಪುಟದಲ್ಲಿ ನಾವು ತುಂಬಿದ ಅಂಕಿಗಳನ್ನು ವಂಚಕನು ಮರುಕ್ಷಣವೇ ಅಸಲಿ ಪುಟದಲ್ಲಿ ತುಂಬಬಲ್ಲ. ಇನ್ನೂ ಒಂದು ಲಾಭವಿದೆ. ಸರ್ಟಿಫಿಕೇಟ್ ಇಲ್ಲದವರಿಗೆ ಲಾಗಿನ್ ಪುಟವೇ ಕಾಣುವುದಿಲ್ಲವಾದ್ದರಿಂದ, ಪಾಸ್‌ವರ್ಡ್ ಊಹಿಸಿ ನೋಡುವುದಕ್ಕಾಗಲಿ, ಒಳಗಿನ ತಂತ್ರಾಂಶದ ದೋಷಗಳನ್ನು ಕೆದಕುವುದಕ್ಕಾಗಲಿ ಅವರಿಗೆ ಆಸ್ಪದವೇ ಸಿಗದು. ಆ ನಿಯಮಾವಳಿಯ ಹಳೆಯ ಆವೃತ್ತಿಗಳಲ್ಲಿ ಬಳಕೆದಾರರ ಸರ್ಟಿಫಿಕೇಟ್, ಅದರಲ್ಲಿರುವ ಹೆಸರಿನ ಸಮೇತ, ಗೂಢಲಿಪೀಕರಣವಿಲ್ಲದೆ ಸಾಗುತ್ತಿತ್ತು; ಅದರ ಹೊಸ ಆವೃತ್ತಿಯಾಗಿ 2018ರಲ್ಲಿ ಬಂದ ಟಿಎಲ್‌ಎಸ್ 1.3 ಆ ಕೊರತೆಯನ್ನೂ ನೀಗಿಸಿದೆ.

ಆದರೆ ಸರ್ಟಿಫಿಕೇಟ್ ಹಂಚಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಾನು ದುಡಿದ ಸಂಸ್ಥೆಯೊಂದರಲ್ಲಿ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಕಳೆದುಹೋಯಿತು. ಅವರ ಸರ್ಟಿಫಿಕೇಟನ್ನು ಅಂದೇ ರದ್ದುಪಡಿಸಿದೆವು. ಮೂರು ದಿನ ಕಳೆದ ಮೇಲೆ, ಖಾತರಿ ಮಾಡಿಕೊಳ್ಳಲೆಂದು ಅದರ ಬ್ಯಾಕಪ್ ಪ್ರತಿಯನ್ನು ಬೇರೊಂದು ಬ್ರೌಸರ್‌ಗೆ ಹಾಕಿ ನೋಡಿದರೆ ನಿರ್ವಹಣಾ ಪುಟ ಎಂದಿನಂತೆ ತೆರೆದುಕೊಂಡಿತು. ಅದರ ಕ್ರಮಸಂಖ್ಯೆ ರದ್ದತಿ ಪಟ್ಟಿಗೆ ಸೇರಿತ್ತು. ಆದರೆ ಆ ಪಟ್ಟಿಯನ್ನು ಓದಬೇಕೆಂದು ಸರ್ವರ್‌ನ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಸಂರಚನಾ ಕಡತದಲ್ಲಿ ನಾವು ಬರೆದಿರಲೇ ಇಲ್ಲ. ಬೇಕಿದ್ದದ್ದು ಒಂದೇ ಒಂದು ಸಾಲು. ಅದನ್ನು ಸೇರಿಸಿ ತಿಂಗಳು ತುಂಬುವಷ್ಟರಲ್ಲಿ ಒಂದು ಬೆಳಿಗ್ಗೆ ಇಡೀ ಸಿಬ್ಬಂದಿಗೇ ಪ್ರವೇಶ ನಿಂತುಹೋಯಿತು. ರದ್ದತಿ ಪಟ್ಟಿಗೂ ಒಂದು ಅವಧಿ ಇರುತ್ತದೆ, ಅವಧಿ ಮೀರಿದ ಪಟ್ಟಿಯಿದ್ದರೆ ಸರ್ವರ್ ಯಾರನ್ನೂ ಒಪ್ಪುವುದಿಲ್ಲ ಎಂಬುದು ನಮಗೆ ತಿಳಿದದ್ದು ಆಗಲೇ. ಫೋನ್ ಕರೆಗಳ ಒತ್ತಡದಲ್ಲಿ ‘ಕಡ್ಡಾಯ’ ಎಂದಿದ್ದುದನ್ನು ‘ಐಚ್ಛಿಕ’ ಎಂದು ಬದಲಿಸಲಾಯಿತು. ಹಾಗೆ ಮಾಡಿದರೆ ಸರ್ವರ್ ಸರ್ಟಿಫಿಕೇಟ್ ಕೇಳುತ್ತದೆಯೇ ಹೊರತು ಕೊಡದವರನ್ನು ತಡೆಯುವುದಿಲ್ಲ. ಹೊಸ ಪಟ್ಟಿ ಮರುದಿನವೇ ಸಿದ್ಧವಾದರೂ ಆ ಪದವನ್ನು ಹಿಂದಿನಂತೆ ಮಾಡಲು ವಾರಗಳೇ ಹಿಡಿದವು. ಅಷ್ಟೂ ದಿನ ಬಾಗಿಲು ತೆರೆದೇ ಇತ್ತೆಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಇಂಥ ವ್ಯವಸ್ಥೆ ಕಟ್ಟುವವರು ಸಂಸ್ಥೆಯೊಳಗೇ ಸ್ವಂತ ಸರ್ಟಿಫಿಕೇಟ್ ಪ್ರಾಧಿಕಾರವನ್ನು (ಸರ್ಟಿಫಿಕೇಟಿಗೆ ಸಹಿ ಹಾಕಿ ಕೊಡುವ ವ್ಯವಸ್ಥೆಯನ್ನು) ಇಟ್ಟುಕೊಂಡು, ಸರ್ವರ್ ಅದೊಂದನ್ನೇ ನಂಬುವಂತೆ ಮಾಡಬೇಕು. ಆಪರೇಟಿಂಗ್ ಸಿಸ್ಟಂ ಜೊತೆ ಬರುವ ಸಾರ್ವಜನಿಕ ಪ್ರಾಧಿಕಾರಗಳ ಪಟ್ಟಿಯನ್ನೇ ಇಲ್ಲಿಗೂ ಕೊಟ್ಟುಬಿಟ್ಟರೆ, ಅವುಗಳಲ್ಲಿ ಯಾವುದರಿಂದಲಾದರೂ ಕ್ಲೈಂಟ್ ಸರ್ಟಿಫಿಕೇಟ್ ಪಡೆದ ಅಪರಿಚಿತರಿಗೂ ಒಳಗೆ ದಾರಿಯಾಗುತ್ತದೆ. ಜಾಲತಾಣಗಳಿಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯೂ ತನ್ನ ಸರ್ಟಿಫಿಕೇಟ್‌ಗಳಿಂದ ಕ್ಲೈಂಟ್ ದೃಢೀಕರಣದ ಬಳಕೆಯನ್ನು ಕೈಬಿಡುವುದಾಗಿ 2025ರಲ್ಲಿ ಪ್ರಕಟಿಸಿರುವುದರಿಂದ, ಸಾರ್ವಜನಿಕ ಸರ್ಟಿಫಿಕೇಟ್‌ಗಳನ್ನೇ ಈ ಕೆಲಸಕ್ಕೂ ಬಳಸುತ್ತಿರುವವರು ಈಗಲೇ ಎಚ್ಚೆತ್ತುಕೊಳ್ಳುವುದು ಒಳ್ಳೆಯದು. ಸರ್ವರ್‌ನ ಎದುರಿಗೆ ಪ್ರಾಕ್ಸಿ ಸರ್ವರ್ (ಬರುವ ಸಂಪರ್ಕಗಳನ್ನು ಮೊದಲು ಸ್ವೀಕರಿಸಿ ಒಳಕ್ಕೆ ದಾಟಿಸುವ ಸರ್ವರ್) ಇದ್ದು, ಸರ್ಟಿಫಿಕೇಟ್ ತಪಾಸಣೆಯ ಫಲಿತಾಂಶವನ್ನು ಅದು ಹೆಡರ್ (ಕೋರಿಕೆಯ ಜೊತೆ ಸಾಗುವ ಟಿಪ್ಪಣಿ) ಮೂಲಕ ಒಳಗಿನ ಸರ್ವರ್‌ಗೆ ತಿಳಿಸುವ ಏರ್ಪಾಡಿದ್ದರೆ, ಒಳಗಿನ ಸರ್ವರ್‌ಗೆ ನೇರ ದಾರಿ ಇರಲೇಕೂಡದು. ಇದ್ದರೆ ಯಾರು ಬೇಕಾದರೂ ಅದೇ ಹೆಡರ್ ಬರೆದು ಕಳಿಸಬಹುದು.

ಇಂಥ ಸರ್ವರ್‌ಗಳಿಗೆ ಹಣ ಮಂಜೂರು ಮಾಡುವ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಕೆಲಸ ಮುಗಿಯಿತೆಂದು ಗುತ್ತಿಗೆದಾರರು ಬಿಲ್ ಹಿಡಿದು ಬಂದಾಗ, ಒಂದು ಸರ್ಟಿಫಿಕೇಟನ್ನು ನಿಮ್ಮ ಕಣ್ಣೆದುರೇ ರದ್ದು ಮಾಡಿಸಿ, ಅದನ್ನೇ ಬಳಸಿ ಮತ್ತೆ ಒಳಹೋಗಲು ಪ್ರಯತ್ನಿಸಿ ತೋರಿಸುವಂತೆ ಕೇಳಿ. ಪುಟ ತೆರೆದುಕೊಂಡರೆ ಬಿಲ್ಲಿಗೆ ಸಹಿ ಹಾಕಬೇಡಿ.

ಇಂತಿ,
ಒಬ್ಬ ಸರ್ವರ್ ನಿರ್ವಾಹಕ