ಅನ್ನ ಬಿಟ್ಟವರು ಗುಳಿಗೆಯ ಡೋಸನ್ನೂ ಕೇಳಿಕೊಳ್ಳಲಿ

ಮಾನ್ಯರೇ,

ಕುಮಟಾ ಪೇಟೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಶುಗರ್ ಗುಳಿಗೆ ಒಯ್ಯಲು ಬರುವವರಲ್ಲಿ ಈಗ ಒಬ್ಬರಲ್ಲ ಒಬ್ಬರು "ಅನ್ನ ಪೂರ್ತಿ ಬಂದ್ ಮಾರಾಯ್ರೇ, ಶುಗರ್ ಸೀದಾ ಇಳೀತು" ಎನ್ನುತ್ತಾರೆ. ಹೇಳುತ್ತಲೇ ಹಳೇ ಚೀಟಿ ಮುಂದೆ ಹಿಡಿಯುತ್ತಾರೆ. ಅದೇ ಗುಳಿಗೆ, ಅದೇ ಡೋಸು. ನನ್ನ ತಕರಾರು ಇಷ್ಟೇ.

ಅನ್ನ ಕಡಿಮೆ ಮಾಡಿದರೆ ಶುಗರ್ ಇಳಿಯುವುದು ಸುಳ್ಳಲ್ಲ. ನಾವು ತಿನ್ನುವುದರಲ್ಲಿ ರಕ್ತದ ಸಕ್ಕರೆಯನ್ನು ಎಲ್ಲಕ್ಕಿಂತ ಜಾಸ್ತಿ ಏರಿಸುವುದು ಪಿಷ್ಟ. ಬೇಯಿಸಿದ ಅನ್ನ 100 ಗ್ರಾಂ ಉಂಡರೆ ಸುಮಾರು 28 ಗ್ರಾಂ ಪಿಷ್ಟ ಒಳಗೆ ಹೋಗುತ್ತದೆ. ಬಂಗುಡೆ ಸಾರಿನ ಜೊತೆ ನಾವು ಹಾಕಿಸಿಕೊಳ್ಳುವ ಅನ್ನ 300 ಗ್ರಾಂಗೇನೂ ಕಮ್ಮಿ ಇರುವುದಿಲ್ಲ, ಅಲ್ವಾ? ದಿನಕ್ಕೆ 130 ಗ್ರಾಂಗಿಂತ ಕಡಿಮೆ ಪಿಷ್ಟ ತಿಂದರೆ ಅದನ್ನು ಲೋ ಕಾರ್ಬ್ ಎನ್ನುತ್ತಾರೆ. ಎರಡು ಹೊತ್ತಿನ ಅನ್ನದಲ್ಲೇ ನಾವು ಆ ಗೆರೆ ದಾಟುತ್ತೇವೆ.

2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇಂಥ 23 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ ಪ್ರಕಟಿಸಿತು. ಆರು ತಿಂಗಳಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.5ಕ್ಕಿಂತ ಕೆಳಗೆ ಬಂದವರು ಲೋ ಕಾರ್ಬ್ ಗುಂಪಿನಲ್ಲಿ ನೂರಕ್ಕೆ 57, ಬೇರೆ ಪಥ್ಯದವರಲ್ಲಿ ನೂರಕ್ಕೆ 31. ವರ್ಷ ಕಳೆಯುವಷ್ಟರಲ್ಲಿ ಮಾತ್ರ ಈ ಅಂತರ ಬಹಳ ಕರಗಿತ್ತು. ವಾಟ್ಸಾಪ್‌ನಲ್ಲಿ ಮೊದಲ ಅರ್ಧ ಓಡಾಡುತ್ತದೆ, ಎರಡನೆಯದು ಕಾಣುವುದಿಲ್ಲ.

ಈಗ ಗುಳಿಗೆಯ ವಿಷಯ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಶುಗರ್ ತೀರಾ ಇಳಿಯುವ ಭಯ ಕಡಿಮೆ. ಗ್ಲಿಮಿಪಿರೈಡ್ ಹಾಗಲ್ಲ. ನೀವು ಉಂಡಿರೋ ಬಿಟ್ಟಿರೋ, ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಎರಡನ್ನೂ ಸೇರಿಸಿದ ಗುಳಿಗೆ ನಮ್ಮಲ್ಲಿ ಬಹಳ ಖರ್ಚಾಗುತ್ತದೆ, ಒಯ್ಯುವ ಎಷ್ಟೋ ಜನರಿಗೆ ಒಳಗೆ ಏನಿದೆ ಎಂದೇ ಗೊತ್ತಿಲ್ಲ. ಇದನ್ನು ನುಂಗಿ, ಅಥವಾ ಇನ್ಸುಲಿನ್ ಚುಚ್ಚಿಕೊಂಡು, ರಾತ್ರಿ ಬರೀ ತಂಬುಳಿ ಕುಡಿದು ಮಲಗಿದರೆ ಶುಗರ್ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ನಡುಕ, ತಡೆಯಲಾಗದ ಹಸಿವು, ಆಮೇಲೆ ಮಾತು ತೊದಲುವುದು. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ಕೊಡಬೇಕು. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಗ್ಲಿಮಿಪಿರೈಡ್‌ನಿಂದ ಇಳಿದದ್ದು ಒಮ್ಮೆ ಏರಿ ಮತ್ತೆ ಇಳಿಯುವುದೂ ಉಂಟು. ಹಾಗಾಗಿ ಎಚ್ಚರವಿದ್ದವರಿಗೆ ಏನಾದರೂ ತಿನ್ನಿಸಿ, ಎಚ್ಚರ ತಪ್ಪಿದವರನ್ನು ಹಾಗೆಯೇ, ಆಸ್ಪತ್ರೆಗೆ ಒಯ್ಯಲೇಬೇಕು. ಜೋಯಿಡಾ, ಸಿದ್ದಾಪುರದ ಮೂಲೆ ಹಳ್ಳಿಯಲ್ಲಿ ನಡುರಾತ್ರಿ ಹೀಗಾದರೆ ಏನು ಗತಿ?

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಗುಳಿಗೆ ತಗೊಳ್ಳುವವರಿಗೆ ಅಪಾಯ ಬೇರೆ ತರದ್ದು. ಪಿಷ್ಟವನ್ನು ತೀರಾ ಬಿಟ್ಟರೆ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಆಗಬಹುದು. ಆಗ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಕಾಣದೆಯೂ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಗ್ಯಾಸ್ ಎಂದು ಸುಮ್ನೆ ಕೂರಬೇಡಿ.

ಇನ್ನು ಅನ್ನ ಬಿಟ್ಟು ಐದಾರು ಚಪಾತಿ ತಿನ್ನುವವರಿದ್ದಾರೆ. ಗೋಧಿಯಲ್ಲೂ ರಾಗಿಯಲ್ಲೂ ಮುಕ್ಕಾಲಿನ ಹತ್ತಿರ ಹತ್ತಿರ ಪಿಷ್ಟವೇ. ಅದಕ್ಕೆ ಜೋನಿಬೆಲ್ಲ ಹಚ್ಚಿಕೊಂಡರಂತೂ ಮುಗಿಯಿತು! ಕುಚಲಕ್ಕಿ ಬಿಳಿ ಅಕ್ಕಿಗಿಂತ ಸ್ವಲ್ಪ ನಿಧಾನವಾಗಿ ಶುಗರ್ ಏರಿಸುತ್ತದೆ, ನಿಜ. ಆದರೆ ಬಡಿಸಿದ್ದು ಎಷ್ಟು ಎನ್ನುವುದೇ ಮುಖ್ಯ. ರಾತ್ರಿ ಏನೂ ತಿನ್ನದಿದ್ದರೂ ಬೆಳಿಗ್ಗೆ ಶುಗರ್ ಜಾಸ್ತಿ ಬಂತೆಂದು ಗಾಬರಿಯಾಗುವವರೂ ಇದ್ದಾರೆ. ಹೊಟ್ಟೆ ಖಾಲಿ ಇದ್ದಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದಕ್ಕೆ ಹೆದರಿ ಮಧ್ಯಾಹ್ನದ ಊಟವನ್ನೂ ಬಿಡುವುದು ಉಪಾಯವಲ್ಲ.

ನನ್ನನ್ನು ಕೇಳಿದರೆ ಅನ್ನವನ್ನು ಅರ್ಧಕ್ಕಿಳಿಸಿ, ಆ ಜಾಗಕ್ಕೆ ಪಲ್ಯ, ಮೀನು, ಮೊಳಕೆ ಹೆಸರುಕಾಳು ಹಾಕಿಕೊಳ್ಳುವುದೇ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸ. ಕಿಡ್ನಿ ತೊಂದರೆ ಇರುವವರು ಮೀನು, ಕಾಳು ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಲಿ.

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ ಉಚಿತ ಶುಗರ್ ತಪಾಸಣೆ ಶಿಬಿರಗಳು ನಡೆಯುತ್ತವೆ. ಬೆರಳು ಚುಚ್ಚಿ ನಂಬರ್ ಬರೆದುಕೊಟ್ಟು ಕಳಿಸುವ ಬದಲು, ಶಿಬಿರ ನಡೆಸುವವರು ಇನ್ನೆರಡು ಪ್ರಶ್ನೆ ಕೇಳಲಿ: ಯಾವ ಗುಳಿಗೆ ನುಂಗುತ್ತೀರಿ, ಈಚೆಗೆ ಊಟ ಬದಲಿಸಿದ್ದೀರಾ? ಬದಲಿಸಿದವರ ಚೀಟಿಯನ್ನು ಅಲ್ಲಿರುವ ಡಾಕ್ಟರು ಅವತ್ತೇ ಒಮ್ಮೆ ನೋಡಲಿ.

— ಔಷಧಿ ವ್ಯಾಪಾರಿ, ಕುಮಟಾ