ನಕ್ಷೆ ಕೂಡಿಸಿದ ಎರಡು ಸಂಜೆಗೆ ಕೂಲಿ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಕಸೂತಿಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಮಹಿಳೆಯರ ಕೈಚಳಕ’ ಎಂಬ ಮಾತು ಇದ್ದೇ ಇರುತ್ತದೆ. ಧಾರವಾಡದಲ್ಲಿ 26 ವರ್ಷಗಳಿಂದ ಕೂಲಿಗೆ ಕಸೂತಿ ಹಾಕುತ್ತಿರುವ ನನಗೆ ಅದನ್ನು ಓದಿದಾಗ ಬೇಜಾರಾಗುತ್ತದೆ. ಸಂಜೆ ಸೂಜಿ ಕೆಳಗಿಟ್ಟಾಗ ಕೈಗಿಂತ ಮೊದಲು ನನಗೆ ದಣಿಯುವುದು ತಲೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿ, ಮೆಟ್ಟಿಲಿನಂತೆ ಹೊರಳುತ್ತ ಸಾಗುವ ಮುರಗಿ, ಈ ಎರಡೂ ಹೊಲಿಗೆಗಳು ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದರ ಜಾಗ ಬಿಡುತ್ತೇವೆ, ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ಬಂದು ಮುಟ್ಟುತ್ತೇವೆ. ನೇರ ಗೆರೆಯಾದರೆ ಇದೇನೂ ಕಷ್ಟವಲ್ಲ. ಆದರೆ ಗೋಪುರದ ನಕ್ಷೆಗೆ ಅಂತಸ್ತು ಅಂತಸ್ತಿಗೂ ಕವಲು. ಯಾವ ಕವಲಿಗೆ ಮೊದಲು ಹೊರಳಬೇಕು, ಎಲ್ಲಿಂದ ತಿರುಗಿ ಬರಬೇಕು ಎಂಬುದು ಮೊದಲ ಹೊಲಿಗೆಗಿಂತ ಮುಂಚೆಯೇ ಗೊತ್ತಿರಬೇಕು. ದಾರಿ ತಪ್ಪಿದರೆ ದಾರ ಹಿಂಬದಿ ಅಡ್ಡ ಹಾಯ್ದು ಕಾಣುತ್ತದೆ. ಅಕ್ಷರ ಬಾರದ ನಮ್ಮವ್ವ ತೇರು, ಆನೆ ಅಂಬಾರಿ, ತುಳಸಿ ಕಟ್ಟೆಗಳ ದಾರಿಯನ್ನೆಲ್ಲ ನೆನಪಿನಲ್ಲೇ ಇಟ್ಟುಕೊಂಡಿದ್ದಳು. ರೊಟ್ಟಿ ಬಡಿಯುತ್ತಲೇ ‘ಎಲ್ಲಿಗೆ ಬಂದಿ?’ ಎಂದು ಕೇಳಿ, ನನ್ನ ಬಟ್ಟೆ ನೋಡದೆಯೇ ‘ಈಗ ಎಡಕ್ಕ ಹೊಳ್ಳು’ ಎನ್ನುತ್ತಿದ್ದಳು.

ಹೋದ ಶ್ರಾವಣದಲ್ಲಿ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿಗೆ ಗೋಪುರ ಹಾಕುತ್ತಿದ್ದೆ. ಕಪ್ಪು ಬಟ್ಟೆಯ ಎಳೆ ಹಗಲಿನಲ್ಲೇ ಸರಿಯಾಗಿ ಕಾಣುವುದಿಲ್ಲ. ಎಣಿಸುವ ನಡುವೆ ಮಗ ಬಂದು ಏನೋ ಕೇಳಿದ, ಉತ್ತರ ಕೊಟ್ಟೆ. ನಾಲ್ಕು ಎಳೆ ಎತ್ತುವಲ್ಲಿ ಐದು ಎತ್ತಿದ್ದೆ. ಗೊತ್ತಾದದ್ದು ಮರುದಿನ ಮಧ್ಯಾಹ್ನ, ಎರಡೂ ಬದಿ ಕಳಸದಲ್ಲಿ ಕೂಡದೆ ಹೋದಾಗ. ಅಷ್ಟನ್ನೂ ಉಚ್ಚಿ ಮತ್ತೆ ಹಾಕಿದೆ. ತಪ್ಪು ನನ್ನದೇ, ಅದರ ಕೂಲಿ ನಾನು ಕೇಳುವುದಿಲ್ಲ.

ಕೇಳುತ್ತಿರುವುದು ಬೇರೆ. ನಮಗೆ ಕೂಲಿ ಸಿಗುವುದು ಬುಟ್ಟಾ ಲೆಕ್ಕದಲ್ಲಿ, ಅಂದರೆ ಹಾಕಿದ ಬಿಡಿ ಚಿತ್ತಾರಗಳ ಲೆಕ್ಕದಲ್ಲಿ, ಇಷ್ಟು ಬುಟ್ಟಾಕ್ಕೆ ಇಷ್ಟು ರೂಪಾಯಿ. ವ್ಯಾಪಾರಿ ಮೊಬೈಲಿಗೆ ಒಂದು ಫೋಟೊ ಕಳಿಸಿ, ‘ಈ ನವಿಲು ಅಂಚಿಗೆ ಕೂಡಸ್ರಿ ಬಾಯಿ, ಮೂಲ್ಯಾಗ ಛಂದ ಹೊಳ್ಳಬೇಕು’ ಎನ್ನುತ್ತಾರೆ. ಅಂಚಿನ ಉದ್ದಕ್ಕೆ ಎಷ್ಟು ಎಳೆ, ಒಂದು ನವಿಲಿಗೆ ಎಷ್ಟು, ನಡುವೆ ಎಷ್ಟು ಬಿಟ್ಟರೆ ಮೂಲೆಯಲ್ಲಿ ಅರ್ಧ ನವಿಲು ಉಳಿಯುವುದಿಲ್ಲ, ಇದನ್ನೆಲ್ಲ ಮಗನ ಗಣಿತದ ಚೌಕುಳಿ ವಹಿಯಲ್ಲಿ ಗೀಚಿ, ಅಳಿಸಿ, ಮತ್ತೆ ಗೀಚಿ ಕೂಡಿಸಲು ಎರಡು ಸಂಜೆ ಬೇಕಾದವು. ಆಮೇಲೆ ಅದೇ ಹಾಳೆ ನೋಡಿ ಹತ್ತು ಹೆಂಗಸರು ಆ ಅಂಚು ಹಾಕಿದರು. ಆ ಎರಡು ಸಂಜೆಗೆ ಒಂದು ರೂಪಾಯಿಯೂ ಇಲ್ಲ. ಕೇಳಿದರೆ, ‘ಆವಾಗ ನೀವು ಸೂಜಿನೇ ಹಿಡದಿಲ್ಲಲ್ಲ’ ಎಂಬ ಉತ್ತರ ಬಂತು.

ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಭಾಗದ್ದೇ ಕಲೆ ಎಂಬ ಸರ್ಕಾರಿ ಗುರುತು ಸಿಕ್ಕಿದೆ, ಸಂತೋಷ. ಕೂಲಿ ದರ ಗೊತ್ತು ಮಾಡುವ ಸಂಘಗಳು, ಅಂಗಡಿಕಾರರು ನಕ್ಷೆ ಕೂಡಿಸುವುದಕ್ಕೆ ಪ್ರತ್ಯೇಕ ದರ ಇಡಬೇಕು. ಹೊಸ ನಕ್ಷೆ ಯಾರು ಕೂಡಿಸಿದರೋ ಅವರ ಹೆಸರು ವಹಿಯಲ್ಲಿ ಬರೆದಿಡಬೇಕು. ತಮ್ಮ ವರದಿಗಾರರೂ ಮುಂದಿನ ಸಲ ಬಂದಾಗ ಸೀರೆಯ ಫೋಟೊದ ಜೊತೆ ಆ ಚೌಕುಳಿ ಹಾಳೆಯದ್ದೂ ಒಂದು ತೆಗೆಯಲಿ.

ಈ ತಿಂಗಳಿನಿಂದ ನಾನು ಹೊಸ ನಕ್ಷೆಗೆ ಒಂದು ದಿನದ ಕೂಲಿ ಬೇರೆ ಕೇಳುತ್ತಿದ್ದೇನೆ. ವ್ಯಾಪಾರಿ ಇನ್ನೂ ಒಪ್ಪಿಲ್ಲ. ನಮ್ಮ ಓಣಿಯ ಮೂವರು ನನ್ನ ಜೊತೆ ನಿಂತಿದ್ದಾರೆ. ಉಳಿದವರು ಇದ್ದ ಕೆಲಸವೂ ಕೈತಪ್ಪೀತೆಂದು ಹೆದರಿದ್ದಾರೆ, ಅವರ ಹೆದರಿಕೆಯೂ ಸುಳ್ಳಲ್ಲ.

– ಒಬ್ಬ ಕಸೂತಿಗಾರ್ತಿ, ಧಾರವಾಡ