ಅಪ್ಪನ ಸಾಧನೆಗೆ ಹೆಗಲು ಕೊಟ್ಟವರಿಗೆ

ನಮ್ಮ ತಂದೆಯವರು ಲಿಂಗೈಕ್ಯರಾದ ಸುದ್ದಿ ತಿಳಿದು ಮನೆಗೆ ಧಾವಿಸಿದವರಿಗೆ, ಬರಲಾಗದೆ ಫೋನಿನಲ್ಲೇ ಅವ್ವನಿಗೆ ಧೈರ್ಯ ಹೇಳಿದವರಿಗೆ, ಶಿವಗಣಾರಾಧನೆಯ ದಿನ ಬೆಳಗಿನಿಂದ ನಿಂತು ಬಡಿಸಿದ ನಮ್ಮ ಓಣಿಯ ಹುಡುಗರಿಗೆ ಅವ್ವ, ಅಕ್ಕ ಮತ್ತು ನನ್ನ ಕಡೆಯಿಂದ ಶರಣು ಶರಣಾರ್ಥಿಗಳು. ಬಂದವರಲ್ಲಿ ಹೆಚ್ಚಿನವರು ಅಪ್ಪನನ್ನು ದೊಡ್ಡ ಸಾಧಕರು ಎಂದು ಕೊಂಡಾಡಿದರು. ಆ ಮಾತು ಸುಳ್ಳಲ್ಲ, ಆದರೆ ಅವರ ಸಾಧನೆಯ ಭಾರವನ್ನು ಹೊತ್ತವರು ಬೇರೆ ಅನೇಕರಿದ್ದರು. ಈ ಬರಹ ಅವರಿಗಾಗಿ.

ವಿಜಯಪುರ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮಾಸ್ತರರಾಗಿದ್ದ ಅಪ್ಪ ನಿವೃತ್ತಿಯ ನಂತರ ಹೊತ್ತು ಹೋಗದೆ ಅಧ್ಯಾತ್ಮದ ಕಡೆ ತಿರುಗಿದವರಲ್ಲ. ಮದುವೆಗೂ ಮೊದಲೇ ಶಿವರಾತ್ರಿ ಜಾತ್ರೆಗೆಂದು ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿ, ತೇರು ನೋಡಿ ಬರುವ ಬದಲು ನಿಜಗುಣ ಶಿವಯೋಗಿಗಳ ಶಾಸ್ತ್ರ ಕೇಳುತ್ತ ಕೂತು, ರಜೆ ಮುಗಿದದ್ದನ್ನೂ ಮರೆತವರು. ಮುಂದೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಸುತ್ತಮುತ್ತ ಎಲ್ಲಿ ನಡೆದರೂ, ನಸುಕಿನಲ್ಲಿಯೇ ಎದ್ದು, ಸಿಕ್ಕ ಬಸ್ಸು ಹತ್ತಿ ಹೋಗಿ, ಕೇಳಿ, ಶಾಲೆಯ ಗಂಟೆ ಹೊಡೆಯುವ ಮೊದಲು ತಿರುಗಿ ಬರುತ್ತಿದ್ದರು. ಕೇಳಿದ್ದನ್ನು ಬರೆದಿಡಲು ಮಕ್ಕಳ ಹಳೆಯ ಉತ್ತರಪತ್ರಿಕೆಗಳ ಖಾಲಿ ಬದಿಯನ್ನು ಒಟ್ಟುಮಾಡಿ, ದಬ್ಬಣದಿಂದ ಹೊಲಿದ ವಹಿಗಳಿದ್ದವು. ಅವನ್ನು ಈಗ ತೆರೆದು ನೋಡಿದರೆ ಒಪ್ಪಿಗೆಯ ಮಾತುಗಳಿಗಿಂತ ಅಂಚಿನಲ್ಲಿ ಹಾಕಿದ ಪ್ರಶ್ನಾರ್ಥಕ ಚಿಹ್ನೆಗಳೇ ಹೆಚ್ಚು. ಗುರುವಿನ ಮೇಲೆ ಅಷ್ಟು ಭಕ್ತಿ ಇದ್ದೂ ಸಂಶಯವನ್ನು ಮುಚ್ಚಿಡದ ಆ ಗುಣವೇ ನನಗೆ ಅವರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸ್ವಾಮೀಜಿಯವರ ಅಂಗಿಗೆ ಕಿಸೆ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅಪ್ಪನ ಅಂಗಿಗೆ ಎರಡು ಕಿಸೆಗಳಿದ್ದವು, ಒಂದರಲ್ಲಿ ಅವ್ವ ಬರೆಸಿದ ಸಂತೆಯ ಚೀಟಿ ಇರುತ್ತಿತ್ತು, ಅದು ಎಷ್ಟೋ ಸಲ ಹೋದ ಹಾಗೆಯೇ ತಿರುಗಿ ಬರುತ್ತಿತ್ತು. ತಿಂಗಳುಗಟ್ಟಲೆ ಪ್ರವಚನ ನಡೆದಾಗ ಎಮ್ಮೆಯ ಮೇವು, ಹೊಲದ ಆಳು, ನಮ್ಮಿಬ್ಬರ ಶಾಲೆಯ ಡಬ್ಬಿ, ಇವೆಲ್ಲ ಅವ್ವನ ಪಾಲಿಗೆ ಬರುತ್ತಿದ್ದವು. ಅಪ್ಪ ಇಷ್ಟಲಿಂಗ ಪೂಜೆಗೆ ಕೂಡುವ ಮೊದಲು ಸ್ನಾನಕ್ಕೆ ಬಿಸಿನೀರು ಸಿದ್ಧವಿರಬೇಕೆಂದರೆ ಅವ್ವ ಅವರಿಗಿಂತ ಮೊದಲು ಏಳಬೇಕಿತ್ತು. ಆಕೆಯನ್ನು ಸಾಧಕಿ ಎಂದು ಯಾರೂ ಕರೆಯಲಿಲ್ಲ. ಅಪ್ಪನಿಗೆ ಇದು ತಿಳಿಯದೆ ಇರಲಿಲ್ಲ, ವಯಸ್ಸಾದ ಮೇಲೆ ರೊಟ್ಟಿ ಬಡಿಯುವ ಹೊತ್ತಿಗೆ ಒಲೆಯ ಮುಂದೆ ಕೂತು ಅಂದಿನ ಓದನ್ನು ಮೊದಲು ಆಕೆಗೇ ಹೇಳುವ ರೂಢಿ ಇಟ್ಟುಕೊಂಡರು. ಒಮ್ಮೆ ನಾನು, “ಇಷ್ಟ ವರ್ಷ ಹುಡುಕಿದಿ, ಏನಾರ ಸಿಕ್ತೇನಪಾ?” ಎಂದು ಕೇಳಿದಾಗ ಅವರು ಕೊಟ್ಟ ಉತ್ತರ, “ಮೊದಲ ಊಟಾ ಮಾಡು, ರೊಟ್ಟಿ ಆರತಾವ” ಎಂಬುದು.

ಮೂತ್ರಪಿಂಡಗಳು ಕೈಕೊಟ್ಟು ಡಯಾಲಿಸಿಸ್ ಶುರುವಾದಾಗ ಎದುರಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ರಕ್ತ ಹೊರಗೆ ಹೋಗಿ ಬರಲು ತೋಳಿನ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಫಿಸ್ಟುಲಾ ಮಾಡುತ್ತಾರೆ. ಬಲಗೈ ರೂಢಿಯವರಿಗೆ ಸಾಮಾನ್ಯವಾಗಿ ಅದನ್ನು ಎಡತೋಳಿನಲ್ಲಿ ಮಾಡುವುದು ವಾಡಿಕೆ. ಅಪ್ಪನಿಗೆ ಎಡಗೈ ಎಂದರೆ ಪೂಜೆಯಲ್ಲಿ ಇಷ್ಟಲಿಂಗ ಹಿಡಿಯುವ ಕೈ. ಅವರು ಸಂಕೋಚದಿಂದ ಇದನ್ನು ಹೇಳಿದಾಗ ಶಸ್ತ್ರಚಿಕಿತ್ಸಕರು ನಗಲಿಲ್ಲ, ಗದರಲಿಲ್ಲ. ಎರಡೂ ತೋಳಿನ ರಕ್ತನಾಳಗಳನ್ನು ಪರೀಕ್ಷಿಸಿ, ಬಲಗಡೆಯೂ ಆಗುತ್ತದೆ ಎಂದು ಖಚಿತಪಡಿಸಿಕೊಂಡು ಹಾಗೆಯೇ ಮಾಡಿಕೊಟ್ಟರು. ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ ಬಲಗೈ ಅಲುಗಾಡಿಸದೆ ಮಲಗಬೇಕಾದ್ದರಿಂದ ಬರೆಯುವುದು ನಿಂತುಹೋಯಿತು. ಅಲ್ಲಿನ ತಂತ್ರಜ್ಞೆಯಾಗಿದ್ದ ಹೆಣ್ಣುಮಗಳು ಯಂತ್ರಗಳನ್ನೆಲ್ಲ ಒಂದು ಸುತ್ತು ನೋಡಿ ಬಂದು, ಬಿಡುವಾದಾಗ ಅಪ್ಪ ಹೇಳಿದ್ದನ್ನು ಬರೆದುಕೊಡುತ್ತಿದ್ದಳು. ಕೊನೆಯ ವಹಿಯ ಬಹುಪಾಲು ಅವಳ ದುಂಡನೆಯ ಅಕ್ಷರದಲ್ಲಿದೆ, ಮತ್ತು ಅಂಚಿನ ಪ್ರಶ್ನೆಗಳಲ್ಲಿ ಕೆಲವು ಅವಳವೇ ಎಂದು ಅಪ್ಪ ಹೆಮ್ಮೆಯಿಂದ ತೋರಿಸಿದ್ದರು. ತಂಗೀ, ನಿನ್ನ ಋಣ ನಮ್ಮ ಮೇಲಿದೆ. ಬೆಳಗಾಗುವ ಮೊದಲೇ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿ, ಹಣ ಕೊಡಲು ಹೋದರೆ ಮಾಸ್ತರರ ಹತ್ತಿರ ಮಗ್ಗಿ ಕಲಿತ ಲೆಕ್ಕ ಇನ್ನೂ ಬಾಕಿ ಇದೆ ಎನ್ನುತ್ತಿದ್ದ ಶಿಷ್ಯನಿಗೂ ಇದೇ ಮಾತು.

2023ರ ಜನವರಿ 2ರಂದು ಸಿದ್ಧೇಶ್ವರ ಸ್ವಾಮೀಜಿಯವರು ದೇಹ ಬಿಟ್ಟಾಗ ಅಪ್ಪ ವಿಜಯಪುರದ ಸೈನಿಕ ಶಾಲೆಯ ಆವರಣದಲ್ಲಿ ಲಕ್ಷಾಂತರ ಜನರ ನಡುವೆ ಸರದಿಯಲ್ಲಿ ನಿಂತು ಕೊನೆಯ ದರ್ಶನ ಪಡೆದಿದ್ದರು. ತಮ್ಮ ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಸ್ವಾಮೀಜಿ ಬರೆದಿಟ್ಟಿದ್ದ ಪತ್ರ ಅವರ ಮನಸ್ಸಿನಲ್ಲಿ ನಾಟಿತ್ತು. ತಮಗೂ ಹಾಗೆಯೇ ಆಗಲಿ ಎಂದು ಅಪ್ಪ ಹೇಳಿದರು, ಹೇಳಿದ ಬೆನ್ನಿಗೇ, “ನಿಮ್ಮವ್ವ ಒಪ್ಪಿದರ ಮಾತ್ರ” ಎಂದು ಸೇರಿಸಿದರು. ಹೂಳುವ ಪದ್ಧತಿಯ ನಮ್ಮ ಮನೆತನದಲ್ಲಿ ಇದು ಸಣ್ಣ ಮಾತಲ್ಲ. ಅವ್ವ ಒಂದು ರಾತ್ರಿ ಯೋಚಿಸಿ ಒಪ್ಪಿದಳು. ಹೊಲದಲ್ಲಿ ಅಜ್ಜನ ಸಮಾಧಿಯ ಪಕ್ಕದಲ್ಲಿ ಜಾಗ ನೋಡಿಟ್ಟಿದ್ದ ದೊಡ್ಡಪ್ಪನವರು ಬೇಸರವಾದರೂ ಎದುರಾಡದೆ ಮುಂದೆ ನಿಂತು ಕಾರ್ಯ ನಡೆಸಿದರು, ಮಠದ ಅಯ್ಯನವರು ವಿಭೂತಿ ಧರಿಸಿ, ಮಂತ್ರ ಹೇಳಿ ಬೀಳ್ಕೊಟ್ಟರು. ತಮಗೆ ಒಪ್ಪಿಗೆಯಾಗದ ಒಂದು ಇಚ್ಛೆಯನ್ನು ಇನ್ನೊಬ್ಬರಿಗಾಗಿ ನಡೆಸಿಕೊಟ್ಟ ಹಿರಿಯರಿಗೆ ನಾವು ಎಷ್ಟು ಕೈಮುಗಿದರೂ ಕಡಿಮೆಯೇ.

ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ನಡೆಯುತ್ತಿದ್ದ ಶಾಸ್ತ್ರದ ಓದು ನಿಲ್ಲುವುದಿಲ್ಲ, ಅವ್ವನೇ ಹಾಗೆಂದು ಹೇಳಿದ್ದಾಳೆ. ಅಪ್ಪನ ಕಪಾಟಿನಲ್ಲಿ ಬೇರೆಯವರ ಹೆಸರು ಬರೆದ ಪುಸ್ತಕಗಳು ಸಾಕಷ್ಟಿವೆ. ಎರವಲು ಕೊಟ್ಟವರು ಓದಿನ ದಿನವೇ ಬಂದು ತಮ್ಮವನ್ನು ಗುರುತಿಸಿ ಒಯ್ಯಬೇಕಾಗಿ ವಿನಂತಿ. ಕೆಲವು ಪುಟಗಳ ಅಂಚಿನಲ್ಲಿ ಅವರು ಪೆನ್ಸಿಲ್ಲಿನಿಂದ ಗೀಚಿದ್ದಾರೆ, ಅದಕ್ಕೆ ಅವರ ಪರವಾಗಿ ನಾವು ಕ್ಷಮೆ ಕೇಳುತ್ತೇವೆ.